ಶಸ್ತ್ರಕ್ಕೆ ಸಿಗದ ಗಂತಿಗೆ ಕಿರಣ ಮತ್ತು ಶಾಖ

"ಹೊಟ್ಟೆ ತೆರೆದು ನೋಡಿದರು, ಗಡ್ಡೆಯನ್ನು ತೆಗೆಯುವಂತಿರಲಿಲ್ಲ, ಹಾಗೆಯೇ ಹೊಲಿದುಬಿಟ್ಟರು." ಚಿಕಿತ್ಸೆಗಾಗಿ ಊರಿನಿಂದ ಮುಂಬಯಿಗೆ ಬಂದವರ ಬಾಯಿಂದ ಈ ಮಾತನ್ನು ಒಮ್ಮೆಯಾದರೂ ಕೇಳದ ಕನ್ನಡಿಗರ ಮನೆ ಇಲ್ಲಿ ಅಪರೂಪ. 1941ರಲ್ಲಿ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆದಂದಿನಿಂದ ಧಾರವಾಡ, ವಿಜಯಪುರ, ಕಾರವಾರ, ಮಂಗಳೂರುಗಳ ಕಡೆಯ ರೋಗಿಗಳಿಗೆ ಈ ನಗರ ಕೊನೆಯ ಭರವಸೆಯ ತಾಣವಾಗಿದೆ. ಅವರಿಗೆ ತಂಗಲು ನೆಂಟರ ಒಂದೂವರೆ ಕೋಣೆಯ ಮನೆ. ಅವರ ಕಾಗದಪತ್ರಗಳನ್ನು ಓದಿ ಹೇಳಲು ಆ ಮನೆಯ ಯಜಮಾನ. ಹೀಗೆ ಮಹಾನಗರದ ಕನ್ನಡಿಗ, ಅವನು ಗುಮಾಸ್ತನಿರಲಿ, ಹೋಟೆಲಿನವನಿರಲಿ, ಬಯಸಲಿ ಬಯಸದಿರಲಿ, ಕ್ಯಾನ್ಸರಿನ ವಿಷಯದಲ್ಲಿ ಅಲ್ಪಸ್ವಲ್ಪ ತಿಳಿದವನಾಗಬೇಕಾಗುತ್ತದೆ.

ಈ ಲೇಖಕನು ವೈದ್ಯನಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ದುಡಿಯುವವನು. ಆದುದರಿಂದ ಇಲ್ಲಿ ಹೇಳುವುದು ಸಲಹೆಯಲ್ಲ, ವಿವರಣೆ ಮಾತ್ರ. 'ಆಪರೇಷನ್ ಆಗದು' ಎಂಬ ಮಾತಿನ ನಿಜವಾದ ಅರ್ಥವೇನು, ಅಂಥ ಗಂತಿಯನ್ನು ಹೊಟ್ಟೆ ತೆರೆದಿರುವಾಗಲೇ ವಿಕಿರಣದಿಂದಲೂ ಶಾಖದಿಂದಲೂ ಏಕಕಾಲಕ್ಕೆ ಎದುರಿಸಲು ವೈದ್ಯವಿಜ್ಞಾನ ಮಾಡಿದ ಸಾಹಸವೇನು, ಅದರಿಂದ ದೊರೆತ ಫಲವೆಷ್ಟು ಎಂಬುದನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಹೇಳುವುದೇ ಈ ಲೇಖನದ ಉದ್ದೇಶ.

ಆಪರೇಷನ್ ಆಗದು ಎಂದರೇನು?

ನಮ್ಮ ಹಿರಿಯರು ಏಡಿಗಂತಿ ಎಂದು ಕರೆಯುತ್ತಿದ್ದ ಈ ರೋಗ ಏಡಿಯಂತೆಯೇ ಸುತ್ತಲಿನ ಅಂಗಗಳನ್ನು ಕಚ್ಚಿ ಹಿಡಿಯುತ್ತದೆ. ಹೊಟ್ಟೆಯೊಳಗೆ ಈ ಹಿಡಿತ ವಿಶೇಷವಾಗಿ ಅಪಾಯಕಾರಿ. ಮೇದೋಜೀರಕ ಗ್ರಂಥಿಯನ್ನೇ ತೆಗೆದುಕೊಳ್ಳೋಣ. ಅದು ಜಠರದ ಹಿಂಬದಿಗೆ, ಬೆನ್ನುಮೂಳೆಯ ಮುಂದುಗಡೆ ಅಡಗಿ ಕುಳಿತಿದೆ. ಅದರ ಬೆನ್ನಿಗೇ ಮಹಾಪಧಮನಿ. ಅಲ್ಲಿಂದ ಕವಲೊಡೆದು ಯಕೃತ್ತಿಗೂ ಕರುಳಿಗೂ ರಕ್ತ ಒಯ್ಯುವ ದೊಡ್ಡ ನಾಳಗಳು ಗ್ರಂಥಿಯನ್ನು ಒತ್ತಿಕೊಂಡೇ ಹಾದುಹೋಗುತ್ತವೆ. ಗಂತಿ ಈ ನಾಳಗಳನ್ನು ಸುತ್ತುವರಿದರೆ, ಅದನ್ನು ಕತ್ತರಿಸಿ ತೆಗೆಯುವುದೆಂದರೆ ಇಡೀ ಕರುಳಿನ ರಕ್ತಪೂರೈಕೆಗೇ ಕತ್ತರಿ ಹಾಕಿದಂತೆ.

ಹೊಟ್ಟೆಯ ಹಿಂಗೋಡೆಯಲ್ಲಿ ಹುಟ್ಟುವ 'ಸಾರ್ಕೋಮಾ' ಎಂಬ ಗಂತಿ ಇನ್ನೊಂದು ಬಗೆಯದು. ಅಲ್ಲಿ ಸ್ಥಳ ವಿಶಾಲ. ತೆಂಗಿನಕಾಯಿಯಷ್ಟು ದೊಡ್ಡದಾಗುವವರೆಗೂ ನೋವನ್ನೇ ತೋರದೆ ಅದು ಬೆಳೆಯಬಲ್ಲದು. ಕಣ್ಣಿಗೆ ಬೀಳುವ ಹೊತ್ತಿಗೆ ಮೂತ್ರಪಿಂಡ, ರಕ್ತನಾಳ, ಬೆನ್ನಿನ ಸ್ನಾಯುಗಳಿಗೆ ಅಂಟಿಕೊಂಡಿರುತ್ತದೆ. ಗುದನಾಳದ ಕ್ಯಾನ್ಸರ್ ಒಮ್ಮೆ ಶಸ್ತ್ರಕ್ರಿಯೆಯಾದ ಮೇಲೆ ಕೆಲವರಲ್ಲಿ ಮರಳಿ ಬಂದು ಸೊಂಟದ ಹಿಂಬದಿಯ ಮೂಳೆಗೆ ಕಚ್ಚಿಕೊಳ್ಳುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಗಂತಿ ಒಂದೇ ಕಡೆ ಇದ್ದು, ಅಕ್ಕಪಕ್ಕದ ಅಂಗಗಳಿಗೆ ಅಂಟಿದ ಕಾರಣ ತೆಗೆಯಲಾಗದಿರುವುದು ಒಂದು ಸ್ಥಿತಿ. ಯಕೃತ್ತು, ಶ್ವಾಸಕೋಶ ಮೊದಲಾದ ದೂರದ ಅಂಗಗಳಿಗೆ ಹರಡಿದ ಕಾರಣ ತೆಗೆದೂ ಪ್ರಯೋಜನವಿಲ್ಲದಿರುವುದು ಇನ್ನೊಂದು ಸ್ಥಿತಿ. ಎರಡಕ್ಕೂ ಜನಸಾಮಾನ್ಯರು ಬಳಸುವ ಮಾತು ಒಂದೇ: 'ಆಪರೇಷನ್ ಆಗದು'. ಚಿಕಿತ್ಸೆಯ ದಾರಿಗಳು ಮಾತ್ರ ಬೇರೆ ಬೇರೆ. ಈ ಲೇಖನದ ವಿಷಯವಾದ ಕಿರಣ ಮತ್ತು ಶಾಖದ ಜೋಡಿ ಚಿಕಿತ್ಸೆ ರೂಪುಗೊಂಡದ್ದು ಮೊದಲನೆಯ ವರ್ಗದ ರೋಗಿಗಳಿಗಾಗಿ.

ಕಿರಣದ ಬಲ, ಕಿರಣದ ಮಿತಿ

1895ರಲ್ಲಿ ಜರ್ಮನಿಯ ರಂಟ್‌ಗೆನ್ ಕ್ಷಕಿರಣಗಳನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಅವುಗಳನ್ನು ಕ್ಯಾನ್ಸರಿನ ಮೇಲೆ ಪ್ರಯೋಗಿಸಲಾಯಿತು. ವಿಕಿರಣವು ಜೀವಕೋಶದ ಕೇಂದ್ರದಲ್ಲಿರುವ ಡಿ.ಎನ್.ಎ. ಎಂಬ ವಂಶತಂತುವನ್ನು ತುಂಡರಿಸುತ್ತದೆ. ತುಂಡಾದ ತಂತುವನ್ನು ಸರಿಯಾಗಿ ಬೆಸೆದುಕೊಳ್ಳಲಾರದ ಕೋಶ ಮುಂದೆ ವಿಭಜನೆಯಾಗುವ ಹೊತ್ತಿಗೆ ಸಾಯುತ್ತದೆ. ಆರೋಗ್ಯವಂತ ಕೋಶಗಳಿಗೆ ಈ ದುರಸ್ತಿ ಸಾಮರ್ಥ್ಯ ಸಾಮಾನ್ಯವಾಗಿ ಹೆಚ್ಚು. ಆದುದರಿಂದಲೇ ವಿಕಿರಣವನ್ನು ಒಮ್ಮೆಲೇ ಕೊಡದೆ ಕಂತು ಕಂತಾಗಿ ಕೊಡುತ್ತಾರೆ. ವಿಕಿರಣದ ಪ್ರಮಾಣವನ್ನು 'ಗ್ರೇ' ಎಂಬ ಮಾನದಿಂದ ಅಳೆಯುವುದು ವಾಡಿಕೆ. ದಿನಕ್ಕೆ 2 ಗ್ರೇಯಂತೆ, ವಾರಕ್ಕೆ 5 ದಿನ, 5 ವಾರಗಳಲ್ಲಿ 50 ಗ್ರೇ ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ಒಂದು ಕ್ರಮ.

ಹೊಟ್ಟೆಯ ವಿಷಯದಲ್ಲಿ ತೊಡಕು ಇಲ್ಲಿಯೇ ಹುಟ್ಟುತ್ತದೆ. ಹೊರಗಿನಿಂದ ಬಿಟ್ಟ ಕಿರಣ ಒಳಗಿನ ಗಂತಿಯನ್ನು ತಲುಪುವ ಮುನ್ನ ಕರುಳು, ಜಠರ, ಯಕೃತ್ತು, ಮೂತ್ರಪಿಂಡಗಳನ್ನು ದಾಟಬೇಕು. ಸಣ್ಣ ಕರುಳು ಸುಮಾರು 45ರಿಂದ 50 ಗ್ರೇವರೆಗೆ ತಾಳಿಕೊಳ್ಳುತ್ತದೆ; ಅದನ್ನು ಮೀರಿದರೆ ಹುಣ್ಣು, ರಕ್ತಸ್ರಾವ, ಕರುಳು ಕಿರಿದಾಗುವುದು ಮುಂತಾದ ಅಪಾಯಗಳು ಏರುತ್ತವೆ. ಮೂತ್ರಪಿಂಡಗಳ ತಾಳಿಕೆ ಇದಕ್ಕಿಂತಲೂ ಕಡಿಮೆ. ಆದರೆ ದೊಡ್ಡ ಗಂತಿಯೊಂದನ್ನು ಸಂಪೂರ್ಣವಾಗಿ ಅಡಗಿಸಲು 50 ಗ್ರೇ ಸಾಲದು. ಶತ್ರುವನ್ನು ಕೊಲ್ಲುವಷ್ಟು ಕೊಟ್ಟರೆ ಮನೆಯವರೂ ಉಳಿಯುವುದಿಲ್ಲ. ಮನೆಯವರು ಉಳಿಯುವಷ್ಟು ಕೊಟ್ಟರೆ ಶತ್ರು ಸಾಯುವುದಿಲ್ಲ. ಈ ಬಿಕ್ಕಟ್ಟಿನಿಂದ ಹೊರಬರಲು ಹುಡುಕಿದ ದಾರಿಗಳಲ್ಲಿ ಒಂದು, ಹೊಟ್ಟೆಯನ್ನು ತೆರೆದಿರುವಾಗಲೇ ಕಿರಣ ಕೊಡುವುದು.

ಶಸ್ತ್ರಕ್ರಿಯೆಯ ನಡುವೆ ವಿಕಿರಣ

ಈ ವಿಚಾರ ಹೊಸದೇನಲ್ಲ. 1909ರಲ್ಲಿಯೇ ನ್ಯೂಯಾರ್ಕಿನ ಕಾರ್ಲ್ ಬೆಕ್ ಎಂಬ ಶಸ್ತ್ರವೈದ್ಯರು ಜಠರ ಮತ್ತು ಕರುಳಿನ ಗಂತಿಗಳನ್ನು ಶಸ್ತ್ರದ ಗಾಯದ ಬಾಯಿಗೆ ಎಳೆದು ತಂದು ಅವುಗಳ ಮೇಲೆ ನೇರವಾಗಿ ಕ್ಷಕಿರಣ ಬಿಟ್ಟ ಚಿಕಿತ್ಸೆಯನ್ನು ವರದಿ ಮಾಡಿದ್ದರು. ಆದರೆ ಅಂದಿನ ಯಂತ್ರಗಳ ಕಿರಣಗಳಿಗೆ ಆಳಕ್ಕೆ ಇಳಿಯುವ ಶಕ್ತಿ ಇರಲಿಲ್ಲ. ವಿಚಾರಕ್ಕೆ ಮರುಜೀವ ಬಂದದ್ದು ಜಪಾನಿನಲ್ಲಿ. 1964ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಮಿತ್ಸುಯುಕಿ ಅಬೆ ಮತ್ತು ಅವರ ಸಂಗಡಿಗರು ಮೊದಲು ಕೋಬಾಲ್ಟ್ ಯಂತ್ರದಿಂದ, ಅನಂತರ ಇಲೆಕ್ಟ್ರಾನ್ ಕಿರಣಗಳಿಂದ ಈ ಚಿಕಿತ್ಸೆಯನ್ನು ಕ್ರಮಬದ್ಧವಾಗಿ ಆರಂಭಿಸಿದರು. ಅಮೆರಿಕದಲ್ಲಿ 1976ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯ, 1978ರಲ್ಲಿ ಬಾಸ್ಟನ್ನಿನ ಮಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಇದನ್ನು ಕೈಗೆತ್ತಿಕೊಂಡವು.

ಇಲೆಕ್ಟ್ರಾನ್ ಕಿರಣದ ಒಂದು ಗುಣ ಇಲ್ಲಿ ಬಹು ಉಪಯುಕ್ತ. ಕ್ಷಕಿರಣ ದೇಹವನ್ನು ಹೊಕ್ಕು ಆಚೆಯಿಂದ ಹೊರಬೀಳುತ್ತದೆ. ಇಲೆಕ್ಟ್ರಾನ್ ನಿಯತವಾದ ಆಳದವರೆಗೆ ಹೋಗಿ ನಿಂತುಬಿಡುತ್ತದೆ. ಯಂತ್ರದ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡಿ ಆಳವನ್ನು ನಿರ್ಧರಿಸಬಹುದು. 12 ಮಿಲಿಯನ್ ಇಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣ ಸುಮಾರು 4 ಸೆಂಟಿಮೀಟರ್ ಆಳದವರೆಗೆ ಪರಿಣಾಮಕಾರಿ. ಗಂತಿಯ ಹಿಂದಿರುವ ಅಂಗಗಳಿಗೆ ಇದರಿಂದ ಬಹುಮಟ್ಟಿಗೆ ರಕ್ಷಣೆ ದೊರೆಯುತ್ತದೆ.

ಕಾರ್ಯಕ್ರಮ ನಡೆಯುವ ಬಗೆಯನ್ನು ಕಲ್ಪಿಸಿಕೊಳ್ಳಿ. ಶಸ್ತ್ರವೈದ್ಯರು ಹೊಟ್ಟೆ ತೆರೆದು ತೆಗೆಯಬಹುದಾದಷ್ಟು ಗಂತಿಯನ್ನು ತೆಗೆಯುತ್ತಾರೆ. ಉಳಿದ ಭಾಗದ ಮೇಲೆ ಕ್ರಿಮಿಶುದ್ಧ ಮಾಡಿದ ಕೊಳವೆಯೊಂದನ್ನು ಇರಿಸುತ್ತಾರೆ. ಕರುಳು, ಜಠರಗಳನ್ನು ಕೈಯಿಂದ ಪಕ್ಕಕ್ಕೆ ಸರಿಸುತ್ತಾರೆ; ಸರಿಸಲಾಗದ ಅಂಗಕ್ಕೆ ಸೀಸದ ತೆಳು ತಗಡನ್ನು ಮರೆಮಾಡುತ್ತಾರೆ. ಕೊಳವೆಯ ಮೇಲ್ತುದಿಯನ್ನು ಯಂತ್ರಕ್ಕೆ ಜೋಡಿಸಿ ಎಲ್ಲರೂ ಹೊರಗೆ ಬರುತ್ತಾರೆ. ಅರಿವಳಿಕೆಯಲ್ಲಿರುವ ರೋಗಿ ಒಳಗೆ ಒಬ್ಬನೇ. ಅವನ ಉಸಿರು, ನಾಡಿ, ರಕ್ತದ ಒತ್ತಡಗಳನ್ನು ವೈದ್ಯರು ಟೆಲಿವಿಷನ್ ಪರದೆಯ ಮೂಲಕ ಹೊರಗಿನಿಂದ ಕಾಯುತ್ತಾರೆ. ಕೆಲವೇ ನಿಮಿಷಗಳಲ್ಲಿ 10ರಿಂದ 20 ಗ್ರೇ ಪ್ರಮಾಣ ಒಂದೇ ಕಂತಿನಲ್ಲಿ ಸಂದಾಯವಾಗುತ್ತದೆ. ಹೀಗೆ ಒಮ್ಮೆಲೇ ಕೊಟ್ಟ ಪ್ರಮಾಣದ ಪರಿಣಾಮ, ಕಂತುಗಳಲ್ಲಿ ಕೊಟ್ಟ ಅದರ ಎರಡು ಮೂರು ಪಟ್ಟಿಗೆ ಸಮನಾದುದೆಂದು ಅಂದಾಜು. ಆರಂಭದ ವರ್ಷಗಳಲ್ಲಿ ಅನೇಕ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯ ಕೋಣೆ ಒಂದೆಡೆ, ವಿಕಿರಣ ಯಂತ್ರ ಇನ್ನೊಂದೆಡೆ. ತೆರೆದ ಹೊಟ್ಟೆಗೆ ಶುದ್ಧ ವಸ್ತ್ರ ಹೊದಿಸಿ, ಅರಿವಳಿಕೆಯ ಯಂತ್ರದೊಂದಿಗೆ ರೋಗಿಯನ್ನು ಓಣಿಗಳಲ್ಲಿ ದಾಟಿಸಿಕೊಂಡು ಹೋಗಬೇಕಾಗುತ್ತಿತ್ತು. ಅನಂತರ ಶಸ್ತ್ರಕ್ರಿಯೆಯ ಕೋಣೆಗೇ ತಳ್ಳಿಕೊಂಡು ಬರಬಹುದಾದ ಚಿಕ್ಕ ಯಂತ್ರಗಳು ಬಂದವು.

ಶಾಖ ಏಕೆ?

ಇಷ್ಟಾದರೂ ಗಂತಿಯ ಎಲ್ಲ ಕೋಶಗಳೂ ಸಾಯುತ್ತಿರಲಿಲ್ಲ. ಕಾರಣ ಗಂತಿಯ ಒಡಲಿನಲ್ಲಿಯೇ ಇದೆ. ಅವಸರದಿಂದ ಬೆಳೆಯುವ ಗಂತಿಗೆ ಸರಿಯಾದ ರಕ್ತನಾಳಗಳ ಜಾಲ ಇರುವುದಿಲ್ಲ. ಯೋಜನೆಯಿಲ್ಲದೆ ಬೆಳೆದ ಬಡಾವಣೆಯ ನಲ್ಲಿಗಳಂತೆ, ಅಂಚಿನ ಮನೆಗಳಿಗೆ ನೀರು, ನಡುವಿನ ಮನೆಗಳಿಗೆ ಬರ. ಹೀಗೆ ಆಮ್ಲಜನಕ ದೊರೆಯದ ನಡುಭಾಗದ ಕೋಶಗಳು ವಿಕಿರಣಕ್ಕೆ ಸುಲಭವಾಗಿ ಬಲಿಯಾಗುವುದಿಲ್ಲ. ಅವುಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ಪ್ರಮಾಣ ಬೇಕು. ವಂಶತಂತುವಿನ ನಕಲನ್ನು ತಯಾರಿಸುತ್ತಿರುವ ಹಂತದಲ್ಲಿರುವ ಕೋಶಗಳೂ ವಿಕಿರಣವನ್ನು ಹೆಚ್ಚಾಗಿ ಎದುರಿಸಿ ನಿಲ್ಲುತ್ತವೆ.

ಶಾಖದ ಸ್ವಭಾವ ಇದಕ್ಕೆ ಪೂರಕ. ಆಹಾರವಿಲ್ಲದೆ, ಆಮ್ಲೀಯವಾದ ಪರಿಸರದಲ್ಲಿ ಸೊರಗಿದ ಕೋಶಗಳೇ ಶಾಖಕ್ಕೆ ಮೊದಲು ಸೋಲುತ್ತವೆ. ನಕಲು ಮಾಡುವ ಹಂತದಲ್ಲಿರುವ ಕೋಶಗಳನ್ನೂ ಶಾಖ ಕೊಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಕಿರಣದಿಂದ ತುಂಡಾದ ತಂತುವನ್ನು ಬೆಸೆಯುವ ದುರಸ್ತಿ ವ್ಯವಸ್ಥೆಯನ್ನೇ ಅದು ಕೆಲಕಾಲ ಕೆಡಿಸುತ್ತದೆ. ಕಿರಣ ಬಿಟ್ಟದ್ದನ್ನು ಶಾಖ ಹಿಡಿಯುತ್ತದೆ; ಕಿರಣ ಮುರಿದದ್ದು ಕೂಡದಂತೆ ಶಾಖ ನೋಡಿಕೊಳ್ಳುತ್ತದೆ. ಇದರ ಮೇಲೆ ಇನ್ನೊಂದು ಅನುಕೂಲ: ಆರೋಗ್ಯವಂತ ಅಂಗ ಬಿಸಿಯಾದಾಗ ಅದರ ರಕ್ತನಾಳಗಳು ಹಿಗ್ಗಿ, ಹರಿಯುವ ರಕ್ತ ಬಿಸಿಯನ್ನು ಒಯ್ದುಬಿಡುತ್ತದೆ. ಗಂತಿಯ ಅಸ್ತವ್ಯಸ್ತ ನಾಳಗಳಿಗೆ ಆ ಸಾಮರ್ಥ್ಯವಿಲ್ಲ. ಅಲ್ಲಿ ಬಿಸಿ ಉಳಿದುಕೊಳ್ಳುತ್ತದೆ.

ಬೆಂಕಿಯಿಂದ ರೋಗವನ್ನು ಸುಡುವ ಪದ್ಧತಿ ಪ್ರಾಚೀನವಾದುದು. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮದ ವಿಧಾನವಿದೆ. ಆದರೆ ಇಲ್ಲಿ ಹೇಳುವ ಶಾಖ ಸುಡುವಂಥದಲ್ಲ. 41ರಿಂದ 43 ಡಿಗ್ರಿ ಸೆಂಟಿಗ್ರೇಡಿನ ಹದವಾದ ಶಾಖ. ದೇಹದ ಸಹಜ ಉಷ್ಣತೆಯಾದ 37 ಡಿಗ್ರಿಗಿಂತ ನಾಲ್ಕಾರು ಡಿಗ್ರಿ ಮಾತ್ರ ಹೆಚ್ಚು. 1866ರಲ್ಲಿ ಜರ್ಮನಿಯ ಬುಷ್ ಎಂಬ ವೈದ್ಯರು ಮುಖದ ಮೇಲಿನ ಗಂತಿಯೊಂದು ಚರ್ಮದ ಸೋಂಕು ಮತ್ತು ತೀವ್ರ ಜ್ವರದ ಅನಂತರ ಮಾಯವಾದುದನ್ನು ದಾಖಲಿಸಿದ್ದರು. 1890ರ ದಶಕದಲ್ಲಿ ನ್ಯೂಯಾರ್ಕಿನ ವಿಲಿಯಂ ಕೋಲಿ ಕ್ಯಾನ್ಸರ್ ರೋಗಿಗಳಲ್ಲಿ ಉದ್ದೇಶಪೂರ್ವಕವಾಗಿ ಜ್ವರ ಬರಿಸಿ ಚಿಕಿತ್ಸೆ ಮಾಡಿದರು. ಅವರ ಫಲಿತಾಂಶಗಳಲ್ಲಿ ಜ್ವರದ ಪಾಲೆಷ್ಟು, ದೇಹದ ರೋಗನಿರೋಧಕ ಶಕ್ತಿಯ ಪಾಲೆಷ್ಟು ಎಂಬುದು ಬೇರೆಯೇ ಚರ್ಚೆ.

ಶಾಖದ ಲೆಕ್ಕ

ಬಡ್ಡಿಯ ಲೆಕ್ಕ ಹಾಕುವವರಿಗೆ ಶಾಖದ ಲೆಕ್ಕ ಹೊಸದೆನಿಸದು. 1984ರಲ್ಲಿ ಅಮೆರಿಕದ ಸಪಾರೆಟೊ ಮತ್ತು ಡ್ಯೂಯಿ ಎಂಬ ವಿಜ್ಞಾನಿಗಳು 43 ಡಿಗ್ರಿಯನ್ನು ಮೂಲಮಾನವಾಗಿಟ್ಟು ಒಂದು ಸೂತ್ರ ರೂಪಿಸಿದರು. 43 ಡಿಗ್ರಿಯಲ್ಲಿ 60 ನಿಮಿಷ ಕಾಯಿಸಿದರೆ ಆಗುವ ಪರಿಣಾಮ 44 ಡಿಗ್ರಿಯಲ್ಲಿ 30 ನಿಮಿಷಕ್ಕೇ ಆಗುತ್ತದೆ. 45 ಡಿಗ್ರಿಯಲ್ಲಿ 15 ನಿಮಿಷ ಸಾಕು. ಕೆಳಗಿಳಿದರೆ ಲೆಕ್ಕ ಇನ್ನೂ ಕಠಿಣ. 42 ಡಿಗ್ರಿಯಲ್ಲಿ ಅದೇ ಪರಿಣಾಮಕ್ಕೆ 240 ನಿಮಿಷ ಬೇಕು. 41 ಡಿಗ್ರಿಯಲ್ಲಿ 960 ನಿಮಿಷ, ಅಂದರೆ 16 ಗಂಟೆ.

ಒಂದೇ ಒಂದು ಡಿಗ್ರಿಯ ಕೊರತೆ ನಾಲ್ಕು ಪಟ್ಟು ಸಮಯವನ್ನು ಕೇಳುತ್ತದೆ. ಗಂತಿಯ ಒಂದು ಮೂಲೆ 43 ಡಿಗ್ರಿ ಮುಟ್ಟಿ ಇನ್ನೊಂದು ಮೂಲೆ 41ರಲ್ಲೇ ಉಳಿದರೆ ಆ ಮೂಲೆಯಿಂದಲೇ ರೋಗ ಮರಳಿ ಬರುತ್ತದೆ. ಶಾಖ ಚಿಕಿತ್ಸೆಯ ಸೋಲುಗೆಲುವುಗಳ ಕಥೆಯೆಲ್ಲ ಈ ಲೆಕ್ಕದಲ್ಲಿಯೇ ಅಡಗಿದೆ.

ಹೊರಗಿನಿಂದ ಹೊಟ್ಟೆಯ ಆಳವನ್ನು ಸಮನಾಗಿ ಕಾಯಿಸುವುದು ಬಹು ಕಷ್ಟ. ಸೂಕ್ಷ್ಮತರಂಗಗಳು ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಹೆಚ್ಚು ಇಳಿಯಲಾರವು. ರೇಡಿಯೋ ತರಂಗಗಳು ಇಳಿಯುತ್ತವೆ, ಆದರೆ ದಾರಿಯಲ್ಲಿ ಚರ್ಮದ ಕೆಳಗಿನ ಕೊಬ್ಬನ್ನು ಕಾಯಿಸಿಬಿಡಬಹುದು. ಶ್ರವಣಾತೀತ ಧ್ವನಿತರಂಗಗಳಿಗೆ ಕರುಳಿನ ಗಾಳಿಯೂ ಮೂಳೆಯೂ ಅಡ್ಡಿ. ಹೊಟ್ಟೆ ತೆರೆದರೆ ಈ ಅಡ್ಡಿಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ. ಕಿರಣ ಕೊಡಲು ಹೇಗೂ ತೆರೆದ ಹೊಟ್ಟೆ. ಅದೇ ಹೊತ್ತಿನಲ್ಲಿ ಶಾಖವನ್ನೂ ಏಕೆ ಕೊಡಬಾರದು? ಈ ಪ್ರಶ್ನೆಯೇ ಜೋಡಿ ಚಿಕಿತ್ಸೆಯ ಮೂಲ.

ಎರಡೂ ಕೂಡಿದಾಗ

1980ರ ದಶಕದಲ್ಲಿ ಈ ಪ್ರಯೋಗ ಅಮೆರಿಕದ ಕೆಲವು ಆಸ್ಪತ್ರೆಗಳಲ್ಲಿ ನಡೆಯಿತು. ಓಹಿಯೋ ರಾಜ್ಯದ ಟೊಲೀಡೋ ನಗರದ ವೈದ್ಯಕೀಯ ಕಾಲೇಜಿನವರು ಗಂತಿಯೊಳಗೇ ಕಾಯಿಸುವ ಸಾಧನವನ್ನು ಚುಚ್ಚಿ ಇರಿಸಿ, ವಿಕಿರಣದೊಂದಿಗೆ ಶಾಖ ಕೊಟ್ಟ ವಿಧಾನವನ್ನು 1987ರಲ್ಲಿ ವರದಿ ಮಾಡಿದರು. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಡಾರ್ಟ್‌ಮತ್ ಸಂಸ್ಥೆಯಲ್ಲಿ ಕೊಲಾಚಿಯೊ ಎಂಬ ಶಸ್ತ್ರವೈದ್ಯರೂ ವಿಕಿರಣ ತಜ್ಞರೂ, ಅಲ್ಲಿನ ಇಂಜಿನಿಯರಿಂಗ್ ಶಾಲೆಯ ಜಾನ್ ಸ್ಟ್ರೋಬೆನ್ ಮೊದಲಾದವರೂ ಕೂಡಿ ದುಡಿದರು. ತೆಗೆಯಲಾಗದ ಹೊಟ್ಟೆಯ ಕ್ಯಾನ್ಸರುಗಳಿಗೆ ಶಸ್ತ್ರಕ್ರಿಯೆಯ ನಡುವೆ ಕಿರಣ ಮತ್ತು ಶಾಖ ಕೊಟ್ಟ ಅವರ ಅನುಭವ 1990ರಲ್ಲಿ ಪ್ರಕಟವಾಯಿತು. ಧ್ವನಿತರಂಗಗಳಿಂದ 19 ರೋಗಿಗಳಲ್ಲಿ ಶಾಖ ಕೊಟ್ಟ ತಾಂತ್ರಿಕ ವಿವರಗಳು 1992ರಲ್ಲಿ ಬಂದವು. ವೈದ್ಯರೂ ಇಂಜಿನಿಯರರೂ ಒಂದೇ ಮೇಜಿನ ಸುತ್ತ ನಿಂತು ಮಾಡಿದ ಕೆಲಸವಿದು.

ಶಾಖ ಕೊಡುವಾಗ ಗಂತಿಯೊಳಗೆ ಕೂದಲೆಳೆಯಂಥ ಉಷ್ಣಮಾಪಕಗಳನ್ನು ಇಳಿಸಿ ಬೇರೆ ಬೇರೆ ಬಿಂದುಗಳಲ್ಲಿ ಉಷ್ಣತೆಯನ್ನು ನೋಡುತ್ತಿರಬೇಕು. ಹತ್ತಿರದ ಕರುಳು ಬೇಯದಂತೆ ಕಾಯಬೇಕು. ಮಹಾಪಧಮನಿಯ ಪಕ್ಕದಲ್ಲಿರುವ ಭಾಗವಂತೂ ಸುಲಭವಾಗಿ ಬಿಸಿಯಾಗದು. ಹರಿಯುವ ನದಿಯ ದಂಡೆಯಲ್ಲಿ ಒಲೆ ಹೂಡಿದಂತೆ, ಕೊಟ್ಟ ಬಿಸಿಯನ್ನೆಲ್ಲ ರಕ್ತ ಒಯ್ದುಬಿಡುತ್ತದೆ. ವಿಪರ್ಯಾಸವೆಂದರೆ, ಶಸ್ತ್ರವೈದ್ಯರು ಗಂತಿಯನ್ನು ತೆಗೆಯಲಾರದೆ ಬಿಡುವುದೂ ಇಂಥ ದೊಡ್ಡ ನಾಳಗಳ ಪಕ್ಕದಲ್ಲಿಯೇ.

ಈ ವರದಿಗಳು ಕೇಳಿದ ಮೊದಲ ಪ್ರಶ್ನೆ 'ರೋಗ ವಾಸಿಯಾಗುತ್ತದೆಯೇ' ಎಂಬುದಲ್ಲ. 'ಇದನ್ನು ಸುರಕ್ಷಿತವಾಗಿ ಮಾಡಬಹುದೇ' ಎಂಬುದು. ಹೊಸ ಚಿಕಿತ್ಸೆ ದಾಟಬೇಕಾದ ಮೆಟ್ಟಿಲುಗಳಲ್ಲಿ ಇದು ಮೊದಲನೆಯದು. ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದರೆ ನೂರಾರು ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಹೋಲಿಸಬೇಕು. ತೆರೆದ ಹೊಟ್ಟೆಯ ಜೋಡಿ ಚಿಕಿತ್ಸೆ ಆ ಮೆಟ್ಟಿಲನ್ನು ಏರಿ ಎಲ್ಲೆಡೆ ರೂಢಿಯಾಗುವ ಮಟ್ಟ ಮುಟ್ಟಲಿಲ್ಲ.

ಜಮಾ ಮತ್ತು ಖರ್ಚು

ಯಾವ ಚಿಕಿತ್ಸೆಯನ್ನೂ ಜಮಾಖರ್ಚಿನ ಎರಡೂ ಬದಿ ನೋಡಿ ಅಳೆಯಬೇಕು. ಶಸ್ತ್ರಕ್ರಿಯೆಯ ನಡುವಿನ ವಿಕಿರಣದ ಬಗ್ಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ನಡೆಸಿದ ಒಂದು ಪರೀಕ್ಷೆ 1993ರಲ್ಲಿ ಪ್ರಕಟವಾಯಿತು. ಹೊಟ್ಟೆಯ ಹಿಂಗೋಡೆಯ ಸಾರ್ಕೋಮಾ ರೋಗಿಗಳು ಒಟ್ಟು 35. ಶಸ್ತ್ರಕ್ರಿಯೆಯಾದ ಮೇಲೆ ಹೊರಗಿನಿಂದ ಮಾತ್ರ ವಿಕಿರಣ ಪಡೆದ 20 ಜನರಲ್ಲಿ 16 ಮಂದಿಗೆ ಅದೇ ಜಾಗದಲ್ಲಿ ರೋಗ ಮರಳಿತು. ಶಸ್ತ್ರಕ್ರಿಯೆಯ ನಡುವೆ 20 ಗ್ರೇ ಮತ್ತು ಹೊರಗಿನಿಂದ ಕಡಿಮೆ ಪ್ರಮಾಣ ಪಡೆದ 15 ಜನರಲ್ಲಿ ಮರಳಿದ್ದು 6 ಮಂದಿಗೆ. ಕರುಳಿನ ತೊಂದರೆಯೂ ಈ ಗುಂಪಿನಲ್ಲಿ ಕಡಿಮೆ. ಇದು ಜಮಾ ಬದಿ. ಖರ್ಚಿನ ಬದಿಯಲ್ಲಿ, ನಡುವಿನ ವಿಕಿರಣ ಪಡೆದವರಲ್ಲಿ 9 ಮಂದಿಗೆ ಕಾಲಿನ ನರಗಳಿಗೆ ಹಾನಿಯಾಯಿತು. ಇನ್ನೊಂದು ಗುಂಪಿನಲ್ಲಿ ಹೀಗಾದದ್ದು ಒಬ್ಬರಿಗೆ. ಕರುಳನ್ನು ಸರಿಸಬಹುದು, ಬೆನ್ನಿನಿಂದ ಹೊರಡುವ ನರಗಳನ್ನು ಸರಿಸಲಾಗದು. ಎರಡು ಗುಂಪಿನವರೂ ಬದುಕಿದ ಒಟ್ಟು ಅವಧಿಯಲ್ಲಿ ಅಂತರ ಕಾಣಲಿಲ್ಲ.

ಮೇದೋಜೀರಕದ ವಿಷಯದಲ್ಲಿ ದೊರೆತ ಮುಖ್ಯ ಲಾಭ ನೋವಿನ ಶಮನ. ಗ್ರಂಥಿಯ ಹಿಂದಿನ ನರಗಳ ಗುಚ್ಛವನ್ನು ಗಂತಿ ಒತ್ತುವುದರಿಂದ ಬೆನ್ನನ್ನು ಸೀಳುವಂಥ ನೋವು ಬರುತ್ತದೆ. ಕಿರಣದಿಂದ ಅನೇಕರಿಗೆ ಅದು ಇಳಿಯಿತು. ಆಯುಸ್ಸು ಗಣನೀಯವಾಗಿ ಹೆಚ್ಚಲಿಲ್ಲ. ಏಕೆಂದರೆ ಈ ರೋಗ ಮೊದಲೇ ಕಣ್ಣಿಗೆ ಕಾಣದಂತೆ ಯಕೃತ್ತಿಗೆ ಹರಡಿರುವುದುಂಟು. ಒಂದು ಜಾಗಕ್ಕೆ ಕೊಡುವ ಚಿಕಿತ್ಸೆ ಎಷ್ಟೇ ಬಲವಾಗಿದ್ದರೂ ಬೇರೆ ಜಾಗದ ರೋಗವನ್ನು ತಡೆಯಲಾರದು. ನೋವಿಲ್ಲದೆ ಕಳೆಯುವ ತಿಂಗಳುಗಳ ಬೆಲೆ ರೋಗಿಗೂ ಮನೆಯವರಿಗೂ ಗೊತ್ತು. ಆದರೆ ಅದನ್ನು ವಾಸಿಯೆಂದು ತಿಳಿಯಬಾರದು.

ಶಾಖದ ಮಟ್ಟಿಗೆ ಹೇಳುವುದಾದರೆ, ಅಮೆರಿಕದಲ್ಲಿ ಹೊರಗಿನಿಂದ ಶಾಖ ಕೊಟ್ಟು ನಡೆಸಿದ ಒಂದು ದೊಡ್ಡ ಪರೀಕ್ಷೆ ನಿರಾಶೆ ತಂದಿತು. ಗಂತಿಗಳು ಬೇಕಾದಷ್ಟು ಬಿಸಿಯಾಗದಿದ್ದುದೇ ಮುಖ್ಯ ಕಾರಣವೆಂದು ತಿಳಿಯಲಾಯಿತು. ಹಾಲೆಂಡಿನಲ್ಲಿ ಉತ್ತಮ ಉಪಕರಣಗಳಿಂದ 1990ರಿಂದ 1996ರವರೆಗೆ ಸೊಂಟದ ಭಾಗದ ಕ್ಯಾನ್ಸರಿನ 358 ರೋಗಿಗಳ ಮೇಲೆ ನಡೆದ ಪರೀಕ್ಷೆ ಬೇರೆಯೇ ಮಾತು ಹೇಳಿತು. ಮುಂದುವರಿದ ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಬರೀ ವಿಕಿರಣ ಪಡೆದವರಲ್ಲಿ ಮೂರು ವರ್ಷ ಬದುಕಿದವರು ನೂರಕ್ಕೆ 27. ಶಾಖವನ್ನೂ ಪಡೆದವರಲ್ಲಿ ನೂರಕ್ಕೆ 51. 2000ದಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಶಾಖ ಸರಿಯಾಗಿ ತಲುಪಿದರೆ ಕಿರಣಕ್ಕೆ ನಿಜವಾಗಿ ಬಲ ತುಂಬುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇಂದಿನ ಸ್ಥಿತಿ

ಈಗ ತೆರೆದ ಹೊಟ್ಟೆಯಲ್ಲಿ ಶಾಖ ಕೊಡುವ ಪದ್ಧತಿ ಹೆಚ್ಚಾಗಿ ಇನ್ನೊಂದು ರೂಪದಲ್ಲಿ ಉಳಿದಿದೆ. 1980ರಲ್ಲಿ ಅಮೆರಿಕದ ಲೂಯಿವಿಲ್ ನಗರದಲ್ಲಿ ಸ್ಪ್ರಾಟ್ ಎಂಬ ವೈದ್ಯರು ಬಿಸಿಮಾಡಿದ ಔಷಧದ್ರವವನ್ನು ಉದರದ ಪೊಳ್ಳಿನಲ್ಲಿ ಹರಿಸಿದ ಚಿಕಿತ್ಸೆಯನ್ನು ವರದಿ ಮಾಡಿದರು. ಗಂತಿಗಳನ್ನು ಕಣ್ಣಿಗೆ ಕಾಣುವಷ್ಟೂ ತೆಗೆದು, 40ರಿಂದ 43 ಡಿಗ್ರಿಯ ಔಷಧದ್ರವದಿಂದ ಒಳಗೆಲ್ಲ ತೊಳೆಯುವ ಈ ಕ್ರಮವನ್ನು 'ಹೈಪೆಕ್' ಎಂದು ಕರೆಯುತ್ತಾರೆ. ನಮ್ಮ ದೇಶದ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿಯೂ ಇದು ನಡೆಯುತ್ತದೆ. ಇಲ್ಲಿ ಶಾಖದ ಜೊತೆಗಾರ ಕಿರಣವಲ್ಲ, ಔಷಧ.

ಇದರ ಫಲವೂ ಎಲ್ಲ ರೋಗಗಳಲ್ಲಿ ಒಂದೇ ಅಲ್ಲ. 2018ರಲ್ಲಿ ಪ್ರಕಟವಾದ ಹಾಲೆಂಡಿನ ಪರೀಕ್ಷೆಯೊಂದರಲ್ಲಿ ಮುಂದುವರಿದ ಅಂಡಾಶಯ ಕ್ಯಾನ್ಸರಿನ 245 ಮಹಿಳೆಯರಿದ್ದರು. ಮಧ್ಯಾಂಕದ ಲೆಕ್ಕದಲ್ಲಿ ಹೈಪೆಕ್ ಪಡೆದವರು 45.7 ತಿಂಗಳು, ಪಡೆಯದವರು 33.9 ತಿಂಗಳು ಬದುಕಿದರು. ಫ್ರಾನ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಉದರಪದರಕ್ಕೆ ಹರಡಿದ 265 ರೋಗಿಗಳ ಪರೀಕ್ಷೆಯ ಫಲ 2021ರಲ್ಲಿ ಬಂದಾಗ ಎರಡೂ ಗುಂಪುಗಳು ಸರಿಸುಮಾರು ಒಂದೇ ಆಗಿದ್ದವು: 41.7 ಮತ್ತು 41.2 ತಿಂಗಳು. ಒಬ್ಬರಿಗೆ ಒದಗಿದ ಚಿಕಿತ್ಸೆ ಇನ್ನೊಬ್ಬರಿಗೆ ಏಕೆ ಕೊಡುತ್ತಿಲ್ಲವೆಂದು ಆಸ್ಪತ್ರೆಯ ಓಣಿಯಲ್ಲಿ ಹೋಲಿಸುವವರು ಈ ಅಂಕಿಗಳನ್ನು ನೆನಪಿಡಬೇಕು.

ನಾವು ಕೇಳಬೇಕಾದ ಪ್ರಶ್ನೆಗಳು

ವೈದ್ಯರು 'ಆಪರೇಷನ್ ಆಗದು' ಎಂದಾಗ ಮನೆಯವರು ದಿಗ್ಭ್ರಾಂತರಾಗಿ ಸುಮ್ಮನಾಗುತ್ತಾರೆ, ಇಲ್ಲವೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡುತ್ತಾರೆ. ಎರಡಕ್ಕೂ ಬದಲು ವಿನಯದಿಂದ ಕೆಲವು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ರೋಗ ಒಂದೇ ಕಡೆ ಅಂಟಿಕೊಂಡಿದೆಯೋ, ಬೇರೆಡೆಗೆ ಹರಡಿದೆಯೋ? ಮೊದಲು ಔಷಧ ಅಥವಾ ವಿಕಿರಣ ಕೊಟ್ಟು ಗಂತಿ ಕುಗ್ಗಿದ ಮೇಲೆ ಶಸ್ತ್ರಕ್ರಿಯೆ ಸಾಧ್ಯವೇ? ಸೂಚಿಸಿದ ಚಿಕಿತ್ಸೆಯ ಗುರಿ ವಾಸಿಮಾಡುವುದೋ, ಆಯುಸ್ಸು ಹೆಚ್ಚಿಸುವುದೋ, ನೋವು ತಗ್ಗಿಸುವುದೋ? ಚಿಕಿತ್ಸೆ ರೂಢಿಯಲ್ಲಿರುವುದೋ, ಪ್ರಯೋಗದ ಹಂತದಲ್ಲಿರುವುದೋ? ಪ್ರಯೋಗವಾದರೆ ಲಿಖಿತ ಒಪ್ಪಿಗೆ ಪತ್ರವನ್ನು ಓದಿ ತಿಳಿದೇ ಸಹಿ ಮಾಡಬೇಕು. ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಹತ್ತು ಬಾರಿ ಓದುವ ನಾವು, ದೇಹದ ಪತ್ರವನ್ನು ಓದದೆ ಸಹಿ ಮಾಡುವುದು ತರವಲ್ಲ.

'ಶಾಖ' ಎಂಬ ಹೆಸರಿನಲ್ಲಿ ಮೋಸಹೋಗದಿರಲಿ. ಬಿಸಿನೀರಿನ ಚೀಲ, ಹಬೆ, ಕಾವು ಕೊಡುವ ಪಟ್ಟಿ ಇವು ಯಾವುವೂ ಹೊಟ್ಟೆಯ ಆಳದ ಗಂತಿಯನ್ನು 43 ಡಿಗ್ರಿಗೆ ಏರಿಸಲಾರವು. ಚರ್ಮ ಸುಟ್ಟೀತು, ಗಂತಿ ಹಾಗೆಯೇ ಇದ್ದೀತು. ಉಷ್ಣತೆಯನ್ನು ಹೇಗೆ ಅಳೆಯುತ್ತೀರಿ ಎಂದು ಕೇಳಿದರೆ ಸರಿಯಾದ ಉತ್ತರ ಕೊಡಲಾರದವರಲ್ಲಿಗೆ ಹೋಗದಿರುವುದೇ ಕ್ಷೇಮ.

ಎಲ್ಲಕ್ಕಿಂತ ದೊಡ್ಡ ಮಾತು, ಈ ಸ್ಥಿತಿ ಒದಗದಂತೆ ನೋಡಿಕೊಳ್ಳುವುದು. ಕಣ್ಣು ಮೈ ಹಳದಿಯಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಬೆನ್ನಿಗೆ ಹಾಯುವ ಹೊಟ್ಟೆನೋವು, ಮಲದಲ್ಲಿ ರಕ್ತ, ಮಲವಿಸರ್ಜನೆಯ ಕ್ರಮದಲ್ಲಿ ಬದಲಾವಣೆ, ಐವತ್ತರ ಮೇಲೆ ಹಠಾತ್ತಾಗಿ ಕಾಣಿಸಿದ ಸಕ್ಕರೆ ಕಾಯಿಲೆಯೊಂದಿಗೆ ಸೊರಗುವುದು: ಇವುಗಳಲ್ಲಿ ಯಾವುದನ್ನೂ 'ಪಿತ್ತ', 'ವಾಯು', 'ಹೊರಗಿನ ಊಟ' ಎಂದು ತಿಂಗಳುಗಟ್ಟಲೆ ತಳ್ಳಿಹಾಕಬಾರದು. ಇವೆಲ್ಲ ಕ್ಯಾನ್ಸರೇ ಆಗಬೇಕೆಂದಿಲ್ಲ, ಪರೀಕ್ಷೆಯಾಗಬೇಕು ಅಷ್ಟೇ. ತಂಬಾಕನ್ನು ಬಿಡುವುದು ಮೇದೋಜೀರಕಕ್ಕೂ ಹಿತ.

ಊರಿನವರಿಗೆ ಇನ್ನೊಂದು ಮಾತು ತಿಳಿಸಬೇಕು. ಎಲ್ಲಕ್ಕೂ ಮುಂಬಯಿಗೇ ಬರಬೇಕೆಂದಿಲ್ಲ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸ್ಮಾರಕ ಸಂಸ್ಥೆ ಇದೆ. ಚೆನ್ನೈಯ ಅಡಯಾರಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಸ್ಥಾಪಿಸಿದ ಕ್ಯಾನ್ಸರ್ ಸಂಸ್ಥೆ 1954ರಿಂದ ದುಡಿಯುತ್ತಿದೆ. ಬರಲೇಬೇಕಾದವರಿಗೆ ರೈಲು ಪ್ರಯಾಣದ ದರದಲ್ಲಿ ರಿಯಾಯಿತಿ ಉಂಟು. ಆಸ್ಪತ್ರೆಯ ಪ್ರಮಾಣಪತ್ರ ಪಡೆದು ಅದನ್ನು ಬಳಸಿಕೊಳ್ಳಬೇಕು. ಆಸ್ಪತ್ರೆಗಳ ಸಮಾಜಸೇವಾ ವಿಭಾಗವನ್ನು ಮೊದಲ ದಿನವೇ ಕಾಣುವುದು ಉತ್ತಮ. ಹಣ ಮುಗಿದ ಮೇಲೆ ಹೋಗುವವರೇ ಹೆಚ್ಚು.

ವಾಸಿಮಾಡುವ ದಾರಿ ಮುಚ್ಚಿದಾಗಲೂ ಆರೈಕೆಯ ದಾರಿ ಮುಚ್ಚುವುದಿಲ್ಲ. ನೋವನ್ನು ತಗ್ಗಿಸಲು ಮಾರ್ಫಿನ್ ಮೊದಲಾದ ಔಷಧಗಳಿವೆ. ಅವನ್ನು ಚಟದ ಭಯದಿಂದ ನಿರಾಕರಿಸಬೇಕಾಗಿಲ್ಲ. ಬಾಂದ್ರಾದ ಶಾಂತಿ ಅವೇದನಾ ಸದನ 1986ರಿಂದಲೂ, ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದಲೂ ಇಂಥ ರೋಗಿಗಳ ಸೇವೆ ಮಾಡುತ್ತ ಬಂದಿವೆ.

ತೆರೆದ ಹೊಟ್ಟೆಯಲ್ಲಿ ಕಿರಣ ಮತ್ತು ಶಾಖಗಳನ್ನು ಕೂಡಿಸಿದ ಆ ವೈದ್ಯರು ಹುಡುಕಿದ ಪೂರ್ಣ ಜಯ ಅವರಿಗೆ ದೊರೆಯಲಿಲ್ಲ. ಆದರೆ 'ಹೊಲಿದುಬಿಟ್ಟರು' ಎಂಬಲ್ಲಿಗೆ ಮಾತು ಮುಗಿಯಬಾರದೆಂಬ ಅವರ ಹಟದಿಂದ ಶಾಖದ ಲೆಕ್ಕ ಸ್ಪಷ್ಟವಾಯಿತು, ಕಿರಣವನ್ನು ಗುರಿಯಿಡುವ ಕಲೆ ಬೆಳೆಯಿತು, ಯಾವ ರೋಗಿಗೆ ಯಾವುದು ಒದಗದು ಎಂಬ ತಿಳಿವೂ ದೊರೆಯಿತು. ಆ ತಿಳಿವು ನಮ್ಮ ಬಾಂಧವರ ಮನೆಗಳನ್ನು ಮುಟ್ಟಲಿ. ಮುಂದಿನ ಬಾರಿ ಊರಿನಿಂದ ಬಂದವರ ಕಡತವನ್ನು ಕೈಗೆತ್ತಿಕೊಂಡಾಗ ಹೆದರಿಕೆಗಿಂತ ಮೊದಲು ಸರಿಯಾದ ಪ್ರಶ್ನೆ ನಮ್ಮ ನಾಲಗೆಗೆ ಬರಲಿ.